ಅಮೆರಿಕದ ಆಸ್ಪತ್ರೆ ಬಿಲ್ಲಿಗೂ ಚರ್ಚಿಗೂ ಏನು ಸಂಬಂಧ?

2010ರ ಮಾರ್ಚ್ 23ರಂದು ಬರಾಕ್ ಒಬಾಮಾ ಆರೋಗ್ಯ ವಿಮೆ ಕಾನೂನಿಗೆ ಸಹಿ ಹಾಕಿದರು. ಜನ ಒಬಾಮಾಕೇರ್ ಅಂತ ಕರೆಯುವುದು ಇದನ್ನೇ. ಅಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಕಾನೂನಿಗೆ ಅಧ್ಯಕ್ಷರು ಒಂದೇ ಪೆನ್ನಿನಲ್ಲಿ ಸಹಿ ಮಾಡುವುದಿಲ್ಲ. ಹೆಸರಿನ ಒಂದೊಂದು ತುಣುಕಿಗೆ ಒಂದೊಂದು ಪೆನ್ನು ಬಳಸಿ, ಆಮೇಲೆ ಅವನ್ನು ಕಾನೂನಿಗಾಗಿ ದುಡಿದವರಿಗೆ ಹಂಚುತ್ತಾರೆ. ಅವತ್ತು ಬಳಸಿದ್ದು 22 ಪೆನ್ನು. ಅದರಲ್ಲೊಂದು ಸಿಸ್ಟರ್ ಕ್ಯಾರಲ್ ಕೀಹನ್ ಎಂಬ ಕ್ಯಾಥೊಲಿಕ್ ಸನ್ಯಾಸಿನಿಗೆ ಹೋಯಿತು.

ವಿಚಿತ್ರ ಏನಪ್ಪಾ ಅಂದ್ರೆ, ಅದೇ ಕ್ಯಾಥೊಲಿಕ್ ಚರ್ಚಿನ ಬಿಷಪ್ಪರ ಸಂಘ ಆ ಮಸೂದೆಯನ್ನು ಕೊನೆ ಗಳಿಗೆವರೆಗೂ ವಿರೋಧಿಸಿತ್ತು. ಅಂದರೆ ಒಂದೇ ಧರ್ಮ, ಒಂದೇ ಚರ್ಚು. ಬಿಷಪ್ಪರು ಬೇಡ ಅಂದರು, ಸಿಸ್ಟರ್‌ಗಳು ಬೇಕು ಅಂದರು. ಗೆದ್ದಿದ್ದು ಸಿಸ್ಟರ್‌ಗಳು.

ಅಮೆರಿಕದಲ್ಲಿ ಧರ್ಮ ಅಂದರೆ ಗರ್ಭಪಾತದ ವಿರೋಧ, ಬಂದೂಕಿನ ಪರ, ರಿಪಬ್ಲಿಕನ್ ವೋಟು ಅಂತ ನಮ್ಮಲ್ಲಿ ಸುಮಾರು ಜನ ಅಂದುಕೊಂಡಿದ್ದಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಬಡವರಿಗೆ ಆಸ್ಪತ್ರೆ ಬಾಗಿಲು ತೆರೆಸೋ ಜಗಳದಲ್ಲಿ ಅಲ್ಲಿನ ಚರ್ಚುಗಳು, ಯಹೂದಿ ಸಿನಗಾಗ್‌ಗಳು, ಮಸೀದಿಗಳು ಮಾಡಿದ ಕೆಲಸ ಸಣ್ಣದಲ್ಲ. ಎಲ್ಲಿ ಗೆದ್ದರು, ಎಲ್ಲಿ ಬಾಯಿ ಮುಚ್ಚಿಕೊಂಡರು ಅಂತ ನೋಡಿದರೆ ಒಂದು ವಿಷಯ ಕಾಣುತ್ತದೆ. ಮನೆ ಬಜೆಟ್ಟು, ಆಸ್ಪತ್ರೆ ಲೆಕ್ಕ ಎಲ್ಲಾ ಗೊತ್ತಿಟ್ಟುಕೊಂಡು ಒಂದೇ ಬೇಡಿಕೆಗೆ ಪಟ್ಟು ಹಿಡಿದ ಕಡೆ ಅವರ ಮಾತು ನಡೆಯಿತು. ತಮ್ಮದೇ ಸಂಸ್ಥೆಯ ದುಡ್ಡಿನ ವಿಷಯ ಬಂದ ಕಡೆ ಅದೇ ಜನರ ದನಿ ಸಣ್ಣದಾಯಿತು.

ಮೊದಲು ಅಲ್ಲಿನ ವ್ಯವಸ್ಥೆ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ ಹೆಚ್ಚಿನವರಿಗೆ ವಿಮೆ ಸಿಗುವುದು ಕೆಲಸದ ಮೂಲಕ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸರಕಾರ ಸಂಬಳ ಏರಿಸದಂತೆ ತಡೆ ಹಾಕಿತ್ತು. ಕಂಪನಿಗಳು ಸಂಬಳದ ಬದಲು ವಿಮೆ ಕೊಟ್ಟು ಆಳುಗಳನ್ನು ಸೆಳೆದುಕೊಂಡವು. ಯುದ್ಧ ಮುಗಿಯಿತು, ಆ ಗಂಟು ಮಾತ್ರ ಬಿಚ್ಚಲಿಲ್ಲ. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ನಮ್ಮ ಎಚ್1ಬಿ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. 1965ರಲ್ಲಿ ಮುದುಕರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂದವು. ಆದರೆ ಮೆಡಿಕೇಡ್ ಎಲ್ಲಾ ಬಡವರಿಗೂ ಇರಲಿಲ್ಲ. ಮಕ್ಕಳು, ಗರ್ಭಿಣಿಯರು, ಅಂಗವಿಕಲರು, ತೀರಾ ಬಡ ತಂದೆತಾಯಿ, ಹೀಗೆ ಒಂದಷ್ಟು ಪಂಗಡಕ್ಕೆ ಮಾತ್ರ. ಹೋಟೆಲಿನಲ್ಲಿ ತಟ್ಟೆ ತೊಳೆಯುವ, ಮಕ್ಕಳಿಲ್ಲದ ಮೂವತ್ತು ವರ್ಷದವನಿಗೆ ಬಹುತೇಕ ರಾಜ್ಯಗಳಲ್ಲಿ ಏನೂ ಇರಲಿಲ್ಲ. 2008ರ ಹೊತ್ತಿಗೆ ವಿಮೆಯೇ ಇಲ್ಲದವರು ಸುಮಾರು 4.6 ಕೋಟಿ ಜನ.

ಚರ್ಚುಗಳು ಇದರಲ್ಲಿ ಮೂಗು ತೂರಿಸಿದ್ದು ಮೊನ್ನೆ ಮೊನ್ನೆ ಏನಲ್ಲ. 1919ರಲ್ಲೇ ಅಮೆರಿಕದ ಬಿಷಪ್ಪರು ಕಾಯಿಲೆ, ನಿರುದ್ಯೋಗ, ಮುಪ್ಪಿಗೆ ವಿಮೆ ಬೇಕು ಅಂತ ಬರೆದಿದ್ದರು. 1963ರಲ್ಲಿ ಪೋಪ್ 23ನೇ ಜಾನ್ ವೈದ್ಯಕೀಯ ಆರೈಕೆಯನ್ನು ಮನುಷ್ಯನ ಹಕ್ಕುಗಳ ಸಾಲಿಗೇ ಸೇರಿಸಿದರು. ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಶಿಕಾಗೋದಲ್ಲಿ, ಎಲ್ಲಾ ಅನ್ಯಾಯಗಳ ಪೈಕಿ ಆರೋಗ್ಯದಲ್ಲಿ ಆಗುವ ಅನ್ಯಾಯವೇ ಅತಿ ಕ್ರೂರ ಎನ್ನುವ ಅರ್ಥದ ಮಾತು ಆಡಿದ್ದರು. ಹೇಳಿಕೆಗೆ ಕೊರತೆ ಇರಲಿಲ್ಲ ಬಿಡಿ.

2009ರ ಆಗಸ್ಟ್‌ನಲ್ಲಿ ಒಬಾಮಾ ಮಸೂದೆಯ ವಿಷಯ ಬಿಸಿಯೇರಿತ್ತು. ಊರೂರಿನ ಸಭೆಗಳಲ್ಲಿ ಜನ ಸಂಸದರ ಮೇಲೆ ಕೂಗಾಡುತ್ತಿದ್ದರು. ಸರಕಾರ ಮುದುಕರನ್ನು ಸಾಯಿಸಲು ಸಮಿತಿ ಮಾಡುತ್ತದಂತೆ ಎನ್ನುವ ಸುಳ್ಳು ಸುದ್ದಿ ಹಬ್ಬಿತ್ತು. ಆಗ ಧಾರ್ಮಿಕ ಸಂಘಟನೆಗಳು ಸೇರಿ ನಲವತ್ತು ದಿನದ ಅಭಿಯಾನ ಶುರು ಮಾಡಿದವು. ಆಗಸ್ಟ್ 19ರಂದು ಒಬಾಮಾ ಜೊತೆಗೇ ಒಂದು ದೊಡ್ಡ ಫೋನ್ ಸಭೆ ಆಯಿತು. ಆಯೋಜಕರ ಲೆಕ್ಕದಲ್ಲಿ ಅದನ್ನು ಕೇಳಿಸಿಕೊಂಡವರು 1,40,000 ಜನ.

ನಿಜವಾದ ಕಗ್ಗಂಟು ಗರ್ಭಪಾತದ್ದು. ಸರಕಾರದ ಸಬ್ಸಿಡಿ ಸಿಗುವ ವಿಮೆಯಲ್ಲಿ ಗರ್ಭಪಾತದ ಖರ್ಚೂ ಸೇರಿದರೆ, ತೆರಿಗೆ ದುಡ್ಡು ಅದಕ್ಕೆ ಹೋದ ಹಾಗೆ ಅಲ್ವಾ ಅಂತ ಬಿಷಪ್ಪರ ವಾದ. ಇದನ್ನೇ ಹಿಡಿದು ಮಿಶಿಗನ್‌ನ ಡೆಮಾಕ್ರಾಟ್ ಸಂಸದ ಬಾರ್ಟ್ ಸ್ಟೂಪಾಕ್ ಒಂದು ಗುಂಪು ಕಟ್ಟಿಕೊಂಡಿದ್ದರು. 2009ರ ನವೆಂಬರ್‌ನಲ್ಲಿ ಪ್ರತಿನಿಧಿ ಸಭೆಯ ಮಸೂದೆಗೆ ಇವರ ಕಟ್ಟುನಿಟ್ಟಿನ ತಿದ್ದುಪಡಿ ಸೇರಿತು, ಬಿಷಪ್ಪರಿಗೆ ಖುಷಿಯಾಯಿತು. ಸಂಸತ್ತಿನ ಮೇಲ್ಮನೆ ಸೆನೆಟ್ ಮಾಡಿದ ಮಸೂದೆಯಲ್ಲಿ ಅದು ಸಡಿಲವಾಗಿತ್ತು. ಮುಂದೆ ರಾಜಕೀಯ ಲೆಕ್ಕಾಚಾರ ಬದಲಾಗಿ, ಸೆನೆಟ್ ಮಸೂದೆಯನ್ನೇ ಹಾಗೆಹಾಗೇ ಒಪ್ಪಬೇಕಾದ ಸ್ಥಿತಿ ಬಂತು. ಬಿಷಪ್ಪರು ಆಗಲ್ಲ ಅಂದರು.

2010ರ ಮಾರ್ಚ್ ಮಧ್ಯದ ಆ ವಾರ ಸಿಸ್ಟರ್‌ಗಳು ಎದ್ದು ನಿಂತರು. ಕೀಹನ್ ಆಗ ಕ್ಯಾಥೊಲಿಕ್ ಹೆಲ್ತ್ ಅಸೋಸಿಯೇಷನ್‌ನ ಮುಖ್ಯಸ್ಥೆ. ದೇಶದ 600ಕ್ಕೂ ಜಾಸ್ತಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಅದು. ಮಸೂದೆ ಪರಿಪೂರ್ಣ ಅಲ್ಲ, ಆದರೂ ಪಾಸಾಗಬೇಕು ಅಂತ ಬಹಿರಂಗವಾಗಿ ಬರೆದರು. ಎರಡು ಮೂರು ದಿನದಲ್ಲೇ ನೆಟ್‌ವರ್ಕ್ ಎಂಬ ಸಿಸ್ಟರ್‌ಗಳ ಸಂಘಟನೆ ಸಂಸತ್ತಿಗೆ ಪತ್ರ ಬರೆಯಿತು. ಸುಮಾರು ಅರವತ್ತು ಮಂದಿ ಸನ್ಯಾಸಿನಿ ಸಂಘಗಳ ಮುಖಂಡರ ಸಹಿ ಅದರಲ್ಲಿತ್ತು. ಸೆನೆಟ್ ಮಸೂದೆಯಲ್ಲೂ ಸರಕಾರದ ದುಡ್ಡು ಗರ್ಭಪಾತಕ್ಕೆ ಹೋಗದಂತೆ ತಡೆ ಇದೆ, ಗರ್ಭಿಣಿಯರಿಗೆ ನೆರವೂ ಇದೆ, ಬದುಕಿನ ಪರ ಅಂದರೆ ಇದೇ ಅಲ್ವಾ ಎನ್ನುವುದು ಅವರ ವಾದದ ತಿರುಳು.

ಮಾರ್ಚ್ 21ರಂದು ಮತ ಎಣಿಕೆ. 219 ಪರ, 212 ವಿರೋಧ. ಒಬ್ಬ ರಿಪಬ್ಲಿಕನ್ ಕೂಡ ಪರವಾಗಿ ಇರಲಿಲ್ಲ. ನಾಲ್ಕೇ ಜನ ಆ ಕಡೆ ವಾಲಿದ್ದರೆ ಮಸೂದೆ ಬಿದ್ದುಹೋಗುತ್ತಿತ್ತು. ಗರ್ಭಪಾತಕ್ಕೆ ಸರಕಾರದ ದುಡ್ಡು ಹೋಗದು ಅಂತ ಒಂದು ಆದೇಶ ಹೊರಡಿಸುತ್ತೇನೆ ಎಂದು ಒಬಾಮಾ ಮಾತು ಕೊಟ್ಟರು, ಸ್ಟೂಪಾಕ್ ಗುಂಪು ಒಪ್ಪಿತು. ಆ ಆದೇಶವೊಂದೇ ಸಾಕಾಗುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಕ್ಯಾಥೊಲಿಕ್ ಮತದಾರರಿರುವ ಕ್ಷೇತ್ರದ ಸಂಸದನಿಗೆ ಬಿಷಪ್ ಮಾತು ಮೀರುವುದು ಸುಲಭ ಅಲ್ಲ. ಊರಿಗೆ ಹೋಗಿ ಏನು ಹೇಳಬೇಕು? ಸಿಸ್ಟರ್‌ಗಳ ಪತ್ರ ಕೈಲಿದ್ದರೆ ಒಂದು ಉತ್ತರ ಸಿಕ್ಕಿತು. ನಮ್ಮೂರ ಆಸ್ಪತ್ರೆ ನಡೆಸುವ ಸಿಸ್ಟರೇ ಸರಿ ಅಂದಿದ್ದಾರೆ ನೋಡಿ, ಅಂತ.

ಆ ಮಾತಿಗೆ ತೂಕ ಇದ್ದುದೇ ಇಲ್ಲಿ. ಬಿಷಪ್ಪರು ಮಸೂದೆಯನ್ನು ಓದಿದ್ದು ಸಿದ್ಧಾಂತದ ಕಣ್ಣಿನಿಂದ. ಸಿಸ್ಟರ್‌ಗಳಲ್ಲಿ ಅನೇಕರು ನರ್ಸಾಗಿ, ಆಸ್ಪತ್ರೆ ಆಡಳಿತದಲ್ಲಿ ದಶಕಗಟ್ಟಲೆ ದುಡಿದವರು. ಕೀಹನ್ ಸ್ವತಃ ಆಸ್ಪತ್ರೆ ನಡೆಸಿದವರು. ವಿಮೆ ಇಲ್ಲದವನು ಶುಗರ್ ಮಾತ್ರೆ ಕೊಳ್ಳಲಾಗದೆ, ಕಾಲು ಕೊಳೆತ ಮೇಲೆ ತುರ್ತು ವಿಭಾಗಕ್ಕೆ ಬರುತ್ತಾನೆ, ಆಮೇಲೆ ಅವನ ಬಿಲ್ಲು ಯಾರ ತಲೆಗೆ ಬೀಳುತ್ತೆ ಅನ್ನೋದು ಇಂಥವರಿಗೆ ಪಾಠ ಮಾಡಿ ಹೇಳಬೇಕಾದ ವಿಷಯ ಅಲ್ಲ.

ಇದಕ್ಕೆ ಬೆಲೆಯನ್ನೂ ತೆತ್ತರು. ರೋಡ್ ಐಲೆಂಡ್‌ನ ಬಿಷಪ್ ಥಾಮಸ್ ಟೋಬಿನ್ ತಮ್ಮ ವ್ಯಾಪ್ತಿಯ ಆಸ್ಪತ್ರೆ ಸಂಸ್ಥೆಯನ್ನು ಕೀಹನ್ ಅವರ ಸಂಘದಿಂದ ಹೊರಗೆ ತಂದರು. 2012ರ ಏಪ್ರಿಲ್‌ನಲ್ಲಿ ವ್ಯಾಟಿಕನ್ ಅಮೆರಿಕದ ಸನ್ಯಾಸಿನಿಯರ ಮುಖ್ಯ ಒಕ್ಕೂಟಕ್ಕೆ ಛೀಮಾರಿ ಹಾಕಿದ ವರದಿಯಲ್ಲಿ ನೆಟ್‌ವರ್ಕ್ ಹೆಸರೂ ಬಂತು. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಿ ಕೂತಿರುತ್ತಿದ್ದರು. ನೆಟ್‌ವರ್ಕ್ ನಡೆಸುತ್ತಿದ್ದ ಸಿಸ್ಟರ್ ಸಿಮೋನ್ ಕ್ಯಾಂಬೆಲ್ ವಕೀಲೆ ಕೂಡ ಹೌದು. ವ್ಯಾಟಿಕನ್ ಬೈಗುಳದಿಂದ ಸಿಕ್ಕ ಬಿಟ್ಟಿ ಪ್ರಚಾರವನ್ನೇ ಹಿಡಿದುಕೊಂಡು, ಎರಡೇ ತಿಂಗಳಲ್ಲಿ ಒಂದು ಬಸ್ಸು ಮಾಡಿಕೊಂಡು ಹೊರಟರು. ಅಯೋವಾದಿಂದ ವಾಷಿಂಗ್ಟನ್‌ವರೆಗೆ, ಒಂಬತ್ತು ರಾಜ್ಯ, ಸುಮಾರು 2,700 ಮೈಲಿ. ಬಡವರ ಕಾರ್ಯಕ್ರಮಗಳಿಗೆ ಕತ್ತರಿ ಹಾಕುವ, ರಿಪಬ್ಲಿಕನ್ ಸಂಸದ ಪಾಲ್ ರಯಾನ್ ಅವರ ಬಜೆಟ್ಟಿನ ವಿರುದ್ಧ. ರಯಾನ್ ಕೂಡ ಕ್ಯಾಥೊಲಿಕ್ಕರೇ, ತಮ್ಮ ಬಜೆಟ್ಟಿಗೆ ಧರ್ಮದ ಬೋಧನೆಯೇ ಪ್ರೇರಣೆ ಅಂದವರು. ಒಕ್ಕೂಟದ ಮೇಲಿನ ವ್ಯಾಟಿಕನ್ ವಿಚಾರಣೆ 2015ರಲ್ಲಿ, ಪೋಪ್ ಫ್ರಾನ್ಸಿಸ್ ಕಾಲದಲ್ಲಿ, ಸದ್ದಿಲ್ಲದೆ ಮುಗಿಯಿತು.

ನನಗೆ ಜಾಸ್ತಿ ಇಷ್ಟವಾದದ್ದು ಇದಕ್ಕಿಂತ ಹಿಂದಿನ ಒಂದು ಕಥೆ. ಪತ್ರಿಕೆಗಳಲ್ಲಿ ಇಷ್ಟು ಸದ್ದು ಮಾಡದ್ದು. 2005-06ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಎಲ್ಲರಿಗೂ ವಿಮೆ ತರಲು ಹೊರಟಿತು. ಒಬಾಮಾಕೇರ್‌ಗೆ ಮಾದರಿಯಾದದ್ದು ಇದೇ. ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ, 2006ರ ಏಪ್ರಿಲ್ 12ರಂದು. ಬಾಸ್ಟನ್ ಸುತ್ತಲಿನ ಚರ್ಚು, ಸಿನಗಾಗ್, ಮಸೀದಿಗಳೆಲ್ಲ ಸೇರಿದ ಗ್ರೇಟರ್ ಬಾಸ್ಟನ್ ಇಂಟರ್‌ಫೇತ್ ಆರ್ಗನೈಸೇಷನ್ ಎಂಬ ಕೂಟ ಇದರಲ್ಲಿ ದೊಡ್ಡ ಪಾತ್ರ ವಹಿಸಿತು. ಕಪ್ಪು ಜನರ ಪ್ರೆಸ್ಬಿಟೇರಿಯನ್ ಚರ್ಚಿನ ಪಾಸ್ಟರ್ ಹರ್ಮನ್ ಹ್ಯಾಮಿಲ್ಟನ್ ಮತ್ತು ಯಹೂದಿ ಧರ್ಮಗುರು ರಬ್ಬಿ ಜೋನಾ ಪೆಸ್ನರ್ ಮುಂದಾಳುಗಳು. ಶಾಸನಸಭೆ ಮಾಡದಿದ್ದರೆ ನೇರ ಜನಮತಕ್ಕೆ ಹಾಕುತ್ತೇವೆ ಅಂತ ಬೆದರಿಸುವುದಕ್ಕೆ ಬೇಕಾದ ಸಹಿಗಳನ್ನು ಇತರ ಸಂಘಟನೆಗಳ ಜೊತೆ ಸೇರಿ ಒಟ್ಟು ಮಾಡಿದರು. ಪ್ರಾರ್ಥನೆ ಮುಗಿಸಿ ಹೊರಗೆ ಬರುವವರ ಕೈಗೆ ಪೆನ್ನು ಕೊಟ್ಟು ಸಹಿ ಹಾಕಿಸುವುದು ಯಾವ ಪಕ್ಷಕ್ಕೂ ಇಷ್ಟು ಸಲೀಸಲ್ಲ.

ಕಾನೂನು ಬಂದ ಮೇಲೆ ಮಾಡಿದ್ದು ಇನ್ನೂ ಮುಖ್ಯ. ಎಲ್ಲರೂ ವಿಮೆ ಕೊಳ್ಳಲೇಬೇಕು, ಇಲ್ಲದಿದ್ದರೆ ದಂಡ. ಆದರೆ ಕೈಗೆಟುಕುವ ವಿಮೆ ಇದ್ದರೆ ಮಾತ್ರ ದಂಡ ಅಂತ ನಿಯಮ. ಕೈಗೆಟುಕುವುದು ಅಂದರೆ ಎಷ್ಟು ಡಾಲರ್? ಅದನ್ನು ಒಂದು ಸರಕಾರಿ ಮಂಡಳಿ ತೀರ್ಮಾನಿಸಬೇಕಿತ್ತು. ಈ ಕೂಟದವರು ತಮ್ಮ ಚರ್ಚು ಸಿನಗಾಗ್‌ಗಳಲ್ಲಿ ಕುಟುಂಬಗಳನ್ನು ಕೂರಿಸಿ ಕಾಗದದ ಮೇಲೆ ಮನೆ ಖರ್ಚು ಬರೆಸಿದರು. ಬಾಡಿಗೆ ಎಷ್ಟು, ದಿನಸಿ ಎಷ್ಟು, ಮಗು ನೋಡಿಕೊಳ್ಳುವವರಿಗೆ ಎಷ್ಟು, ಬಸ್ಸಿಗೆ ಎಷ್ಟು, ತಿಂಗಳ ಕೊನೆಗೆ ಉಳಿಯುವುದು ಎಷ್ಟು. ಆ ಲೆಕ್ಕ ತೆಗೆದುಕೊಂಡು ಹೋಗಿ ಮಂಡಳಿ ಮುಂದೆ ಇಟ್ಟು, ಕಡಿಮೆ ಆದಾಯದವರ ಮೇಲಿನ ಹೊರೆ ಇಳಿಸಲು ಒತ್ತಾಯಿಸಿದರು. ತಜ್ಞರ ಅಂದಾಜಿನ ಎದುರು ಇಂಥ ಕಾಗದ ಬಂದರೆ ಅಧಿಕಾರಿಗಳಿಗೆ ತಳ್ಳಿಹಾಕುವುದು ಕಷ್ಟ.

ಒಬಾಮಾಕೇರ್ ಬಂದ ಮೇಲಿನ ಜಗಳ ಬೇರೆ ಥರದ್ದು. ಬಡತನ ರೇಖೆಯ 138 ಶೇಕಡಾವರೆಗೆ ಆದಾಯ ಇರುವ ಎಲ್ಲರಿಗೂ ಮೆಡಿಕೇಡ್ ಅಂತ ಕಾನೂನು ಹೇಳಿತ್ತು. ಮೊದಲ ಮೂರು ವರ್ಷ ಪೂರ್ತಿ ಖರ್ಚು ಕೇಂದ್ರದ್ದು, ಆಮೇಲೆ ನಿಧಾನಕ್ಕೆ ಇಳಿದು 90 ಶೇಕಡಾ. 2012ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಇದನ್ನು ರಾಜ್ಯಗಳ ಮೇಲೆ ಹೇರುವ ಹಾಗಿಲ್ಲ, ಬೇಕಾದವರು ಮಾಡಲಿ ಅಂದಿತು. ದಕ್ಷಿಣದ ರಾಜ್ಯಗಳು ಹೆಚ್ಚೂಕಡಿಮೆ ಒಟ್ಟಾಗಿ ಬೇಡ ಅಂದವು. ಇದರಿಂದ ಆದ ಅಧ್ವಾನ ನೋಡಿ. ವಿಮೆ ಕೊಳ್ಳಲು ಸಬ್ಸಿಡಿ ಸಿಗುವುದು ಬಡತನ ರೇಖೆಯ ಮೇಲಿದ್ದರೆ. ರೇಖೆಯ ಕೆಳಗಿದ್ದವರಿಗೆ ಮೆಡಿಕೇಡ್ ಸಿಗುತ್ತದಲ್ಲ ಅಂತ ಕಾನೂನು ಬರೆದವರು ಅಂದುಕೊಂಡಿದ್ದರು. ರಾಜ್ಯ ಮೆಡಿಕೇಡ್ ಕೊಡದಿದ್ದರೆ? ಸ್ವಲ್ಪ ಬಡವನಿಗೆ ನೆರವು ಉಂಟು, ತೀರಾ ಬಡವನಿಗೆ ಏನೂ ಇಲ್ಲ.

ಉತ್ತರ ಕ್ಯಾರೊಲಿನಾ ಇದಕ್ಕೆ ಒಳ್ಳೇ ಉದಾಹರಣೆ. ನಮ್ಮ ಕನ್ನಡದವರು ರಾಲಿ, ಕ್ಯಾರಿ ಕಡೆ ಸಾಕಷ್ಟು ಇದ್ದಾರೆ, ಅವರಿಗೆ ಈ ಕಥೆ ಪಕ್ಕದ ಬೀದಿಯದು. 2013ರ ಆರಂಭದಲ್ಲಿ ಅಲ್ಲಿನ ಶಾಸನಸಭೆ ಮೆಡಿಕೇಡ್ ವಿಸ್ತರಣೆಗೆ ಬಾಗಿಲು ಹಾಕಿತು. ಏಪ್ರಿಲ್ 29ರಂದು, ಒಂದು ಸೋಮವಾರ, ರೆವರೆಂಡ್ ವಿಲಿಯಂ ಬಾರ್ಬರ್ ಜೊತೆ ಹೋದ ಗುಂಪು ಶಾಸನಸಭೆ ಕಟ್ಟಡದೊಳಗೆ ಹಾಡುತ್ತಾ ಪ್ರಾರ್ಥಿಸುತ್ತಾ ನಿಂತಿತು. ಹದಿನೇಳು ಜನರನ್ನು ಪೊಲೀಸರು ಹಿಡಿದರು. ಮುಂದಿನ ಸೋಮವಾರ ಇನ್ನಷ್ಟು ಜನ, ಅದರ ಮುಂದಿನ ಸೋಮವಾರ ಮತ್ತೂ ಜಾಸ್ತಿ. ಮಾರಲ್ ಮಂಡೇ ಅಂತ ಹೆಸರಾಯಿತು. ಆ ವರ್ಷ ಬಂಧನಕ್ಕೊಳಗಾದವರು 900ಕ್ಕೂ ಹೆಚ್ಚು. ಬಾರ್ಬರ್‌ಗೆ ಬೆನ್ನುಮೂಳೆಯ ಸಂಧಿವಾತ, ಕೋಲೂರಿ ನಡೆಯುವವರು. ಮತದಾನದ ಹಕ್ಕು, ಶಾಲೆ, ಕನಿಷ್ಠ ಕೂಲಿ ಎಲ್ಲಾ ಬೇಡಿಕೆ ಅದರಲ್ಲಿತ್ತು, ಮೆಡಿಕೇಡ್ ಕೂಡ.

ಮರುವರ್ಷ ಇನ್ನೊಂದು ನಡೆಯಿತು. ಬೆಲ್‌ಹೇವನ್ ಅಂತ ಕರಾವಳಿಯ ಪುಟ್ಟ ಊರು. 2014ರ ಜುಲೈ 1ರಂದು ಅಲ್ಲಿನ ಆಸ್ಪತ್ರೆ ಮುಚ್ಚಿತು. ಊರಿನ ಮೇಯರ್ ಆಡಮ್ ಓನೀಲ್, ಬಿಳಿಯ, ರಿಪಬ್ಲಿಕನ್. ಅದೇ ತಿಂಗಳು ವಾಷಿಂಗ್ಟನ್‌ಗೆ 273 ಮೈಲಿ ಕಾಲ್ನಡಿಗೆಯಲ್ಲಿ ಹೊರಟೇಬಿಟ್ಟರು, ತಮ್ಮದೇ ಪಕ್ಷ ಬೇಡ ಅಂದ ಮೆಡಿಕೇಡ್ ವಿಸ್ತರಣೆ ಬೇಕು ಅಂತ. ಅವರ ಬೆನ್ನಿಗೆ ನಿಂತವರು ಬಾರ್ಬರ್.

2023ರ ಮಾರ್ಚ್ 27ರಂದು ಕೊನೆಗೂ ಕಾನೂನು ಬಂತು, ಡಿಸೆಂಬರ್ 1ರಿಂದ ಜಾರಿಯಾಯಿತು. ಸುಮಾರು 6 ಲಕ್ಷ ಜನ ಅರ್ಹರಾದರು. ವಿಸ್ತರಣೆ ಒಪ್ಪಿದ 40ನೇ ರಾಜ್ಯ ಅದು. ಇದೆಲ್ಲ ಪಾದ್ರಿಗಳ ಹೋರಾಟದಿಂದಲೇ ಆಯಿತು ಅಂದರೆ ಅದು ಭಜನೆ ಆಗುತ್ತದೆ, ವಿಶ್ಲೇಷಣೆ ಆಗುವುದಿಲ್ಲ. ಮನಸ್ಸು ಬದಲಾಯಿಸಿದ್ದು ರಿಪಬ್ಲಿಕನ್ ನಾಯಕ ಫಿಲ್ ಬರ್ಗರ್, ವರ್ಷಗಟ್ಟಲೆ ಇದನ್ನು ತಡೆದವರೇ. ಯಾಕೆ ಬದಲಾದರು? ಖರ್ಚಿನ 90 ಶೇಕಡಾ ಕೇಂದ್ರದ್ದು, ಉಳಿದದ್ದನ್ನು ಆಸ್ಪತ್ರೆಗಳೇ ಭರಿಸಲು ಒಪ್ಪಿದವು. ಹೊಸದಾಗಿ ಸೇರುವ ರಾಜ್ಯಕ್ಕೆ 2021ರ ಕೋವಿಡ್ ನೆರವಿನ ಕಾನೂನು ಹೆಚ್ಚುವರಿ ದುಡ್ಡು ಇಟ್ಟಿತ್ತು. ಹಳ್ಳಿ ಆಸ್ಪತ್ರೆಗಳು ಒಂದೊಂದಾಗಿ ಸೊರಗುತ್ತಿದ್ದವು, ಅವೆಲ್ಲ ರಿಪಬ್ಲಿಕನ್ ಕ್ಷೇತ್ರಗಳು. ಹಾಗಾದರೆ ಚರ್ಚುಗಳು ಮಾಡಿದ್ದೇನು? ಹತ್ತು ವರ್ಷ ವಿಷಯವನ್ನು ಸಾಯಲು ಬಿಡಲಿಲ್ಲ. ದುಡ್ಡಿನ ಲೆಕ್ಕ ಸರಿಹೋದ ದಿನ, ಒಪ್ಪಲು ತಯಾರಿದ್ದ ಜನಾಭಿಪ್ರಾಯ ಮೊದಲೇ ಇತ್ತು. ಇದು ಕಡಿಮೆ ಕೆಲಸ ಅಂತ ನಾನು ಹೇಳಲಾರೆ.

ಶಾಸನಸಭೆ ಒಪ್ಪದ ಕಡೆ ನೇರ ಜನಮತವೂ ನಡೆಯಿತು. 2020ರಲ್ಲಿ ಒಕ್ಲಹೋಮಾದಲ್ಲಿ ಕೂದಲೆಳೆಯಷ್ಟು ಅಂತರದಲ್ಲಿ, ಮಿಸ್ಸೌರಿಯಲ್ಲಿ 53 ಶೇಕಡಾ, 2022ರಲ್ಲಿ ದಕ್ಷಿಣ ಡಕೋಟಾದಲ್ಲಿ 56 ಶೇಕಡಾ ಜನ ಹೌದು ಅಂದರು. ಎಲ್ಲವೂ ಟ್ರಂಪ್ ಗೆದ್ದ ರಾಜ್ಯಗಳೇ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರ ರಾಜ್ಯಗಳೇ. ದಕ್ಷಿಣ ಡಕೋಟಾದಲ್ಲಿ ಪರವಾಗಿ ನಿಂತ ಅವೇರಾ ಆಸ್ಪತ್ರೆ ಸಮೂಹವನ್ನು ಕಟ್ಟಿದ್ದು ಸನ್ಯಾಸಿನಿಯರ ಸಂಘಗಳು. ಅಲ್ಲಿ ಸೇವೆಯ ಆಸೆಯೂ ಇತ್ತು, ಬಿಲ್ಲು ಕಟ್ಟುವ ರೋಗಿಗಳು ಹೆಚ್ಚುತ್ತಾರೆ ಎನ್ನುವ ಲಾಭವೂ ಇತ್ತು.

ಲಾಭದ ಮಾತು ಬಂತಲ್ಲ, ಈಗ ಕಹಿ ವಿಷಯಕ್ಕೆ ಬರೋಣ.

ಅಮೆರಿಕದಲ್ಲಿ ಏಳು ರೋಗಿಗಳಲ್ಲಿ ಒಬ್ಬರು ಕ್ಯಾಥೊಲಿಕ್ ಆಸ್ಪತ್ರೆಗೆ ಹೋಗುತ್ತಾರೆ. ಇವು ಲಾಭಕ್ಕಲ್ಲದ ಸಂಸ್ಥೆಗಳು, ಆದ್ದರಿಂದ ತೆರಿಗೆ ಇಲ್ಲ. ಬದಲಿಗೆ ಬಡವರಿಗೆ ಉಚಿತ ಅಥವಾ ರಿಯಾಯಿತಿ ಚಿಕಿತ್ಸೆ ಕೊಡಬೇಕು. 2019ರಲ್ಲಿ ಮೆಂಫಿಸ್ ನಗರದ ಪತ್ರಕರ್ತರು ಒಂದು ವಿಷಯ ಹೊರಗೆ ಹಾಕಿದರು. ಮೆಥಡಿಸ್ಟ್ ಚರ್ಚಿಗೆ ಸೇರಿದ ಮೆಥಡಿಸ್ಟ್ ಲಬೋನರ್ ಆಸ್ಪತ್ರೆ ಸಮೂಹ ಐದು ವರ್ಷದಲ್ಲಿ ಬಾಕಿ ವಸೂಲಿಗೆ 8,300ಕ್ಕೂ ಜಾಸ್ತಿ ಕೇಸು ಹಾಕಿತ್ತು. ಅವರಲ್ಲಿ ಅದೇ ಆಸ್ಪತ್ರೆಯ ನೌಕರರೂ ಇದ್ದರು! ತನ್ನಲ್ಲೇ ಕೆಲಸ ಮಾಡುವವರು ತನ್ನ ಬಿಲ್ಲು ಕಟ್ಟಲಾಗದಷ್ಟು ಸಂಬಳ ಕೊಟ್ಟು, ಆಮೇಲೆ ಕೋರ್ಟಿಗೆ ಎಳೆಯುವುದು. ಸುದ್ದಿ ಆದ ಮೇಲೆ 6,500ಕ್ಕೂ ಹೆಚ್ಚು ಮಂದಿಯ ಸಾಲ ಮನ್ನಾ ಮಾಡಿದರು, ಸಂಬಳವನ್ನೂ ಏರಿಸಿದರು.

ಪಶ್ಚಿಮದ ವಾಷಿಂಗ್ಟನ್ ರಾಜ್ಯದಲ್ಲಿ ಪ್ರಾವಿಡೆನ್ಸ್ ಎಂಬ ದೊಡ್ಡ ಕ್ಯಾಥೊಲಿಕ್ ಸಮೂಹ ಇದೆ. 1856ರಲ್ಲಿ ಅಲ್ಲಿಗೆ ಬಂದ ಸಿಸ್ಟರ್‌ಗಳು ಕಟ್ಟಿದ್ದು. ಉಚಿತ ಚಿಕಿತ್ಸೆಗೆ ಅರ್ಹರಾದ ಬಡವರಿಂದಲೂ ದುಡ್ಡು ಕೇಳಿದರು ಅಂತ ರಾಜ್ಯವೇ ಕೇಸು ಹಾಕಿತು. 2024ರ ಫೆಬ್ರವರಿಯಲ್ಲಿ ರಾಜಿ ಆಯಿತು. ಸಾಲ ಮನ್ನಾ ಮತ್ತು ಹಣ ವಾಪಸು ಸೇರಿ ಸುಮಾರು 15.8 ಕೋಟಿ ಡಾಲರ್. ಕಾನೂನು ಬೇಕು ಅಂತ ವಾಷಿಂಗ್ಟನ್ ಡಿಸಿಗೆ ಹೋಗಿ ವಾದಿಸುವ ಸಂಘದ ಸದಸ್ಯರೇ ಊರಿನಲ್ಲಿ ಹೀಗೆ ಮಾಡಿದರೆ, ನೈತಿಕತೆ ಮಾತಿಗೆ ಏನು ಬೆಲೆ? ಈ ಎರಡೂ ಕಡೆ ಬದಲಾವಣೆ ತಂದದ್ದು ಪತ್ರಕರ್ತರು ಮತ್ತು ಸರಕಾರಿ ವಕೀಲರು. ಪೀಠದಿಂದ ಪ್ರವಚನ ಬಂದು ಬದಲಾದದ್ದಲ್ಲ.

ಸಾಲದ ವಿಷಯದಲ್ಲೇ ಚರ್ಚುಗಳು ಇನ್ನೊಂದು ದಾರಿ ಹಿಡಿದವು, ತುಂಬಾ ಜನಪ್ರಿಯವಾದದ್ದು. ಆಸ್ಪತ್ರೆಗಳು ವಸೂಲಾಗದ ಬಾಕಿಯನ್ನು ವಸೂಲಿ ಕಂಪನಿಗಳಿಗೆ ಚಿಲ್ಲರೆ ಕಾಸಿಗೆ ಮಾರಿಬಿಡುತ್ತವೆ. ಹಿಂದೆ ಇದೇ ವಸೂಲಿ ದಂಧೆಯಲ್ಲಿದ್ದ ಇಬ್ಬರು 2014ರಲ್ಲಿ ಒಂದು ಸಂಸ್ಥೆ ಮಾಡಿದರು. ದಾನದ ಹಣದಿಂದ ಆ ಸಾಲವನ್ನು ಕೊಂಡು ಹರಿದುಹಾಕುವುದು. ಒಂದು ಡಾಲರಿಗೆ ಸುಮಾರು ನೂರು ಡಾಲರ್ ಸಾಲ ಸಿಗುತ್ತದೆ. 2020ರಲ್ಲಿ ಸಿನ್ಸಿನಾಟಿಯ ಕ್ರಾಸ್‌ರೋಡ್ಸ್ ಚರ್ಚು ಹೀಗೆ 4.65 ಕೋಟಿ ಡಾಲರ್ ಸಾಲ ತೀರಿಸಿತು. ಕೇಳಿದರೆ ಯಾರಿಗಾದರೂ ಖುಷಿಯಾಗುತ್ತದೆ. ಆದರೆ 2024ರಲ್ಲಿ ಅರ್ಥಶಾಸ್ತ್ರಜ್ಞರು ಹೀಗೆ ಸಾಲ ಮನ್ನಾ ಆದ 83,401 ಜನರನ್ನು ಮನ್ನಾ ಆಗದವರ ಜೊತೆ ಹೋಲಿಸಿ ಅಧ್ಯಯನ ಮಾಡಿದರು. ಸರಾಸರಿಯಲ್ಲಿ ಅವರ ಆರ್ಥಿಕ ಸ್ಥಿತಿಯಾಗಲಿ ಮಾನಸಿಕ ಆರೋಗ್ಯವಾಗಲಿ ಹೇಳಿಕೊಳ್ಳುವಷ್ಟು ಸುಧಾರಿಸಿರಲಿಲ್ಲ. ಸಾಲ ವರ್ಷಗಟ್ಟಲೆ ಹಳೆಯದಾಗಿ, ಆಗಬೇಕಾದ ಕೆಟ್ಟದ್ದೆಲ್ಲ ಆಗಿಹೋದ ಮೇಲೆ ಬಂದ ನೆರವು ಅದು.

ಅದೇ ಉತ್ತರ ಕ್ಯಾರೊಲಿನಾಕ್ಕೆ ಮತ್ತೆ ಬನ್ನಿ. ಮೆಡಿಕೇಡ್ ಮೂಲಕ ಆಸ್ಪತ್ರೆಗಳಿಗೆ ಹೆಚ್ಚುವರಿ ಹಣ ಬೇಕಿದ್ದರೆ ಬಡವರ ಹಳೇ ಸಾಲ ಮನ್ನಾ ಮಾಡಿ ಅಂತ 2024ರಲ್ಲಿ ರಾಜ್ಯ ಸರಕಾರ ಷರತ್ತು ಹಾಕಿತು. ಅರ್ಹವಾದ 99 ಆಸ್ಪತ್ರೆಗಳೂ ಒಪ್ಪಿದವು. ಲೆಕ್ಕ ಹಾಕಿದ್ದು ಸುಮಾರು 20 ಲಕ್ಷ ಜನರ 400 ಕೋಟಿ ಡಾಲರ್ ಸಾಲ. ಮುಂದೆ ಬರುವ ಬಿಲ್ಲಿಗೂ ರಿಯಾಯಿತಿ ಕೊಡಬೇಕು ಅಂತ ಅದರಲ್ಲೇ ಸೇರಿಸಿದರು. ಕಾಣಿಕೆ ಡಬ್ಬಿಗೂ ಸರಕಾರದ ಒಂದು ಷರತ್ತಿಗೂ ಇರುವ ವ್ಯತ್ಯಾಸ ಇಷ್ಟು.

ಎಲ್ಲಾ ಧರ್ಮದವರೂ ಸುಧಾರಣೆಯ ಪರ ಅಂತ ಅಂದುಕೊಳ್ಳಬೇಡಿ. ಬೈಬಲ್ ಮಾತನ್ನೇ ಗಟ್ಟಿಯಾಗಿ ಹಿಡಿಯುವ ಇವಾಂಜೆಲಿಕಲ್ ಚರ್ಚುಗಳ ದೊಡ್ಡ ಭಾಗ ಒಬಾಮಾಕೇರನ್ನು ವಿರೋಧಿಸಿತು. ಬಡವರಿಗೆ ನೆರವಾಗುವುದು ಚರ್ಚಿನ ಕೆಲಸ, ಸರಕಾರದ್ದಲ್ಲ ಎನ್ನುವ ನಂಬಿಕೆ ಅಲ್ಲಿ ಗಟ್ಟಿ. ಅವರಲ್ಲಿ ಕೆಲವರು ವಿಮೆ ಬಿಟ್ಟು, ಒಬ್ಬರ ಆಸ್ಪತ್ರೆ ಖರ್ಚನ್ನು ಉಳಿದವರು ಹಂಚಿಕೊಳ್ಳುವ ಕೂಟಗಳಿಗೆ ಸೇರುತ್ತಾರೆ. ಹತ್ತು ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದಾರೆ. 1999ರ ಕೊನೆಗೂ ಮೊದಲಿಂದ ಇರುವ ಕೂಟಗಳ ಸದಸ್ಯರಿಗೆ ಕಾನೂನೇ ವಿಮೆಯ ಕಡ್ಡಾಯದಿಂದ ವಿನಾಯಿತಿ ಕೊಟ್ಟಿತ್ತು. ತಿಂಗಳ ಕಂತು ಕಡಿಮೆ. ಆದರೆ ಇದು ವಿಮೆ ಅಲ್ಲ. ದೊಡ್ಡ ಕಾಯಿಲೆ ಬಂದಾಗ ಹಣ ಕೊಟ್ಟೇ ಕೊಡಬೇಕು ಅಂತ ಯಾವ ಕಾನೂನಿನ ಒತ್ತಾಯವೂ ಇಲ್ಲ.

ನಮ್ಮ ಕಡೆ ನೋಡಿದರೆ, ಧರ್ಮದವರು ಆಸ್ಪತ್ರೆ ಕಟ್ಟುವುದರಲ್ಲಿ ಯಾರಿಗೂ ಕಡಿಮೆ ಇಲ್ಲ. ಮಂಗಳೂರಿನ ಫಾದರ್ ಮುಲ್ಲರ್ 1880ರದ್ದು, ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದ್ದು. ಸುತ್ತೂರು, ಆದಿಚುಂಚನಗಿರಿ, ಧರ್ಮಸ್ಥಳ, ಎಲ್ಲಕ್ಕೂ ಮೆಡಿಕಲ್ ಕಾಲೇಜುಗಳಿವೆ. ಬೇಡಿಕೆ ಇಟ್ಟುಕೊಂಡು ಬೀದಿಗಿಳಿಯುವುದೂ ನಮ್ಮ ಸ್ವಾಮೀಜಿಗಳಿಗೆ ಗೊತ್ತು. 2021ರಲ್ಲಿ ಮೀಸಲಾತಿಗಾಗಿ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆಯೇ ನಡೆಯಿತಲ್ಲ. 2017ರ ನವೆಂಬರ್‌ನಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕುವ ಮಸೂದೆ ಬಂದಾಗ ವೈದ್ಯರು ಮುಷ್ಕರ ಹೂಡಿ ರಾಜ್ಯವೇ ಅಲ್ಲಾಡಿತು. ಜಗಳ ಕಂಡದ್ದು ಸರಕಾರ ಮತ್ತು ವೈದ್ಯರ ನಡುವೆ, ಆರೋಗ್ಯ ಹಕ್ಕಿನ ಸಣ್ಣ ಸಂಘಟನೆಗಳು ರೋಗಿಗಳ ಪರ ನಿಂತವು. ಮಸೂದೆ ಸಾಕಷ್ಟು ಮೆತ್ತಗಾಗಿ ಪಾಸಾಯಿತು. ಸ್ವಂತ ಆಸ್ಪತ್ರೆ ಇರುವವರು ಆಸ್ಪತ್ರೆ ದರದ ಬಗ್ಗೆ ಪಾದಯಾತ್ರೆ ಮಾಡುವುದು ಕಷ್ಟವೇ, ಅಮೆರಿಕದಲ್ಲೂ ನಮ್ಮಲ್ಲೂ. ಅಂದಹಾಗೆ ಒಬಾಮಾಕೇರ್ ಜಗಳದಲ್ಲಿ ಮಂಡ್ಯದ ಹಲ್ಲೇಗೆರೆ ಮೂಲದವರೂ ಒಬ್ಬರಿದ್ದರು. ಮುಂದೆ ಸರ್ಜನ್ ಜನರಲ್, ಅಂದರೆ ಅಮೆರಿಕ ಸರಕಾರದ ಮುಖ್ಯ ವೈದ್ಯಾಧಿಕಾರಿ ಆದ ವಿವೇಕ್ ಮೂರ್ತಿ. ಅವರು ಕಟ್ಟಿದ್ದು ಕಾನೂನಿನ ಪರ ನಿಂತ ವೈದ್ಯರ ಸಂಘಟನೆ.

ಈಗಿನ ಕಥೆ ಏನು? 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಬಜೆಟ್ ಕಾನೂನು ಮೆಡಿಕೇಡ್‌ಗೆ ಹತ್ತು ವರ್ಷದಲ್ಲಿ 90 ಸಾವಿರ ಕೋಟಿ ಡಾಲರಿಗೂ ಜಾಸ್ತಿ ಕತ್ತರಿ ಹಾಕಿದೆ. ಸಂಸತ್ತಿನದೇ ಬಜೆಟ್ ಕಚೇರಿ ಪ್ರಕಾರ, ಈ ಕಾನೂನಿನಿಂದ 2034ರ ಹೊತ್ತಿಗೆ ವಿಮೆ ಇಲ್ಲದವರ ಸಂಖ್ಯೆ ಸುಮಾರು ಒಂದು ಕೋಟಿ ಏರುತ್ತದೆ. ಬಾರ್ಬರ್ ಇದರ ವಿರುದ್ಧ ಏಪ್ರಿಲ್‌ನಲ್ಲಿ ಸಂಸತ್ ಭವನದ ಗುಮ್ಮಟದ ಕೆಳಗೆ ಪ್ರಾರ್ಥನೆ ಮಾಡಿ ಬಂಧನಕ್ಕೊಳಗಾದರು. ಈ ಸಲ ಬಿಷಪ್ಪರೂ ಮೆಡಿಕೇಡ್ ಕಡಿತ ತಪ್ಪು ಅಂದರು. ಆದರೆ ಅದೇ ಕಾನೂನಿನಲ್ಲಿ ಗರ್ಭಪಾತ ಸೇವೆ ಕೊಡುವ ಸಂಸ್ಥೆಗೆ ಹಣ ನಿಲ್ಲಿಸಿದ್ದನ್ನು ಹೊಗಳಿದರು ಕೂಡ. ಒಂದೇ ಉಸಿರಲ್ಲಿ ಬೈಗುಳ, ಹೊಗಳಿಕೆ ಎರಡೂ ಬಂದರೆ ಸಂಸದನಿಗೆ ಯಾವುದು ಬೇಕೋ ಅದನ್ನು ಕೇಳಿಸಿಕೊಳ್ಳುತ್ತಾನೆ. ಪ್ರತಿನಿಧಿ ಸಭೆಯಲ್ಲಿ ಅಂತರ ಬರೀ ನಾಲ್ಕು ಮತದ್ದು, 218-214. 2010ರಲ್ಲಿ ಸಿಸ್ಟರ್‌ಗಳು ಕೊಟ್ಟಂಥ ಹೊಡೆತ ಈ ಸಲ ಯಾರಿಂದಲೂ ಬೀಳಲಿಲ್ಲ. ಒಬಾಮಾಕೇರ್ ವಿಮೆಗೆ ಕೋವಿಡ್ ಕಾಲದಿಂದ ಸಿಗುತ್ತಿದ್ದ ಹೆಚ್ಚುವರಿ ಸಬ್ಸಿಡಿ ಉಳಿಸಲು ಡೆಮಾಕ್ರಾಟರು ಪಟ್ಟು ಹಿಡಿದು ಸರಕಾರವೇ 43 ದಿನ ಬಂದ್ ಆದರೂ ಫಲ ಸಿಗದೆ, 2025ರ ಕೊನೆಗೆ ಅದೂ ಮುಗಿಯಿತು.

ಮುಂದಿನದು ಅರ್ಜಿ ಫಾರಂಗಳ ಜಗಳ. ವಿಸ್ತರಣೆಯಿಂದ ಮೆಡಿಕೇಡ್ ಪಡೆದ ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸವನ್ನೋ ಓದನ್ನೋ ಸೇವೆಯನ್ನೋ ಮಾಡಿದ್ದೇವೆ ಅಂತ ತೋರಿಸಬೇಕು. 2027ರ ಜನವರಿ 1ರೊಳಗೆ ರಾಜ್ಯಗಳು ಇದನ್ನು ಜಾರಿ ಮಾಡಬೇಕು. ಕೇಳಲು ನ್ಯಾಯ ಅನ್ನಿಸುತ್ತದೆ, ಕೆಲಸ ಮಾಡಲಿ ಬಿಡಿ ಅಂತ. ಅರ್ಕನ್ಸಾ ರಾಜ್ಯ 2018ರಲ್ಲೇ ಇದನ್ನು ಮಾಡಿ ನೋಡಿತ್ತು. ಕೋರ್ಟು ತಡೆಯುವ ಮೊದಲೇ 18,000ಕ್ಕೂ ಜಾಸ್ತಿ ಜನ ವಿಮೆ ಕಳೆದುಕೊಂಡರು. ಕೆಲಸ ಮಾಡುತ್ತಿದ್ದವರೂ, ವಿನಾಯಿತಿಗೆ ಅರ್ಹರಾಗಿದ್ದವರೂ ಅದರಲ್ಲಿದ್ದರು. ವಿವರ ತುಂಬಬೇಕಿದ್ದ ವೆಬ್‌ಸೈಟು ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮುಚ್ಚಿರುತ್ತಿತ್ತು, ಹಗಲೆಲ್ಲ ಕೂಲಿ ಮಾಡುವವನು ಯಾವಾಗ ತುಂಬಬೇಕು ಹೇಳಿ?

ಇಲ್ಲಿ ಪ್ರವಚನಕ್ಕಿಂತ ಚರ್ಚಿನ ನೆಲಮಾಳಿಗೆಯ ಸಭಾಂಗಣ, ಎರಡು ಲ್ಯಾಪ್‌ಟಾಪು, ಫಾರಂ ತುಂಬಿಸಲು ಕೂರುವ ನಾಲ್ಕು ಜನ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ. ಬಾಸ್ಟನ್‌ನವರು ಮನೆ ಖರ್ಚಿನ ಲೆಕ್ಕ ಬರೆಸಿದ ಹಾಗೆ, ಫಾರಂನಲ್ಲಿ ಸಿಕ್ಕಿಹಾಕಿಕೊಂಡು ವಿಮೆ ಕಳೆದುಕೊಂಡವರ ಲೆಕ್ಕವನ್ನೂ ತಿಂಗಳು ತಿಂಗಳು ಬರೆದಿಟ್ಟು ಗವರ್ನರ್ ಮೇಜಿಗೆ ಕಳಿಸಬೇಕು. ಇಂಥ ನಿಯಮವನ್ನು ಎಷ್ಟು ಬಿಗಿಯಾಗಿ ನಡೆಸಬೇಕು, ಎಷ್ಟು ವಿನಾಯಿತಿ ಕೊಡಬೇಕು ಎನ್ನುವುದರಲ್ಲಿ ರಾಜ್ಯಗಳಿಗೆ ಸ್ವಲ್ಪ ಸ್ವಾತಂತ್ರ್ಯ ಇದೆ. ಉತ್ತರ ಕ್ಯಾರೊಲಿನಾದಲ್ಲಂತೂ ಕೇಂದ್ರದ ಪಾಲು 90 ಶೇಕಡಾಕ್ಕಿಂತ ಇಳಿದರೆ ಇಡೀ ವಿಸ್ತರಣೆಯೇ ತಾನಾಗಿ ನಿಲ್ಲಬೇಕು ಅಂತ 2023ರ ಕಾನೂನಿನಲ್ಲೇ ಬರೆದಿದ್ದಾರೆ. 2025ರ ಕಾನೂನು ಆ ಪಾಲನ್ನು ಮುಟ್ಟಿಲ್ಲ. ಕಡಿಮೆ ಮಾಡೋಣ ಎನ್ನುವ ಮಾತು ವಾಷಿಂಗ್ಟನ್‌ನಲ್ಲಿ ಆಗಲೇ ಬಂದು ಹೋಗಿದೆ.